ಎಂಟು ತಿಂಗಳ ಮಗುವಿಗೆ ಕೈಸನ್ನೆಯಿಂದ ಸ್ವರ ಕಲಿಸಬಹುದೇ?

ನಿಮ್ಮ ಪ್ರಶ್ನೆ ಇದು: ಮಗಳಿಗೆ ಎಂಟು ತಿಂಗಳು. ಹಾಡುತ್ತಾ ಕೈಸನ್ನೆ ಮಾಡಿ ‘ಡೊ ರೆ ಮಿ’ ಕಲಿಸುವ ವಿಡಿಯೊ ನೋಡಿದ್ದೀರಿ. ಇಷ್ಟು ಚಿಕ್ಕ ಮಗುವಿಗೆ ಅದರಿಂದ ಉಪಯೋಗ ಉಂಟೇ, ಹೇಗೆ ಶುರು ಮಾಡಬೇಕು, ಡೊ ರೆ ಮಿ ಹೇಳಬೇಕೋ ಸರಿಗಮ ಹೇಳಬೇಕೋ?

ಖಂಡಿತ ಶುರು ಮಾಡಿ. ಆದರೆ ವಿಡಿಯೊದಲ್ಲಿರುವಂತೆ ಏಳು ಸ್ವರ, ಏಳು ಸನ್ನೆ ಈಗ ಬೇಡ. ಎರಡೇ ಸ್ವರ ಸಾಕು: ಪ ಮತ್ತು ಗ. ಕೈಯ ಆಕಾರದ ಚಿಂತೆಯನ್ನೂ ಬಿಡಿ. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಮಾಡುವುದನ್ನು ಎಂಟು ತಿಂಗಳ ಮಗು ನಕಲು ಮಾಡಲಾರದು. ಕೈ ಮೇಲೆ ಹೋಯಿತು, ದನಿಯೂ ಮೇಲೆ ಹೋಯಿತು. ಕೈ ಇಳಿಯಿತು, ದನಿಯೂ ಇಳಿಯಿತು. ಇಷ್ಟನ್ನು ಮಾತ್ರ ಅದು ಚೆನ್ನಾಗಿ ಗಮನಿಸುತ್ತದೆ.

ಈ ಸನ್ನೆಗಳು ಇಂಗ್ಲೆಂಡಿನವು. ನಾರ್ವಿಚ್‌ನ ಸಾರಾ ಗ್ಲೋವರ್ ರೂಪಿಸಿದ ಸೊಲ್-ಫಾ (ಡೊ ರೆ ಮಿ ಎಂದು ಸ್ವರದ ಹೆಸರು ಹೇಳಿ ಹಾಡುವ) ಪದ್ಧತಿಯನ್ನು ಜಾನ್ ಕರ್ವೆನ್ (1816–1880) ಬೆಳೆಸಿ, 1870ರ ಸುಮಾರಿಗೆ ಸ್ವರಕ್ಕೊಂದು ಕೈಸನ್ನೆ ಕೊಟ್ಟರು. ಹಂಗೆರಿಯ ಸಂಯೋಜಕ ಜೋಲ್ತಾನ್ ಕೊದಾಯ್ (1882–1967) ತಮ್ಮ ನಾಡಿನ ಶಾಲೆಗಳಿಗೆ ಅದನ್ನು ತಂದು, ಕೈಯನ್ನು ಸ್ವರದ ಜೊತೆ ಏರಿಸಿ ಇಳಿಸುವುದನ್ನು ಸೇರಿಸಿದರು. ಶಿಶುಗಳಿಗೆ ಉಪಯೋಗಕ್ಕೆ ಬರುವುದು ಈ ಸೇರ್ಪಡೆಯೇ. ಕೈಯಲ್ಲಿ ಸ್ವರ ತೋರಿಸುವುದು ನಮಗೂ ಹೊಸದಲ್ಲ. ಸಾಮಗಾನದಲ್ಲಿ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟಿ ಸ್ವರ ಸೂಚಿಸುತ್ತಾರೆ, ಅದಕ್ಕೆ ಗಾತ್ರವೀಣೆ ಎಂದೇ ಹೆಸರು.

ಪ-ಗ ಏಕೆ? ಕೊದಾಯ್ ಪದ್ಧತಿಯಲ್ಲಿ ಮೊದಲು ಬರುವುದು ‘ಸೊ-ಮಿ’, ಅಂದರೆ ನಮ್ಮ ಪಂಚಮದಿಂದ (ಪ) ಅಂತರ ಗಾಂಧಾರಕ್ಕೆ (ಗ) ಇಳಿಯುವುದು. ಹಂಗೆರಿಯ ಮಕ್ಕಳ ಆಟದ ಹಾಡುಗಳ ತುಂಬ ಇದೇ ಇದೆ. ನಾವು ಯಾರನ್ನಾದರೂ ದೂರದಿಂದ ಎಳೆದು ಕೂಗಿ ಕರೆಯುವಾಗಲೂ ಎಷ್ಟೋ ಸಲ ಗಂಟಲು ಇದೇ ಇಳಿಕೆಗೆ ಬೀಳುತ್ತದೆ. ಅರ್ಧ ಸ್ವರದ, ಅಂದರೆ ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಅತಿ ಚಿಕ್ಕ ಅಂತರದ, ಇಕ್ಕಟ್ಟು ಇಲ್ಲದ್ದರಿಂದ ಹಾಡುವುದೂ ಸುಲಭ. ಅಲ್ಲಿಯ ಪುಸ್ತಕಗಳು ಇದನ್ನು ‘ಕುಕ್ಕೂ’ ಹಕ್ಕಿಯ ಕೂಗಿಗೆ ಹೋಲಿಸುತ್ತವೆ. ಅದನ್ನು ನಮ್ಮ ಕೋಗಿಲೆ ಎಂದುಕೊಂಡು ಹಾಡಬೇಡಿ, ನಮ್ಮ ಕೋಗಿಲೆಯ ಕೂಗು ಮೇಲಕ್ಕೆ ಏರುತ್ತದೆ.

ಶ್ರುತಿಯ ವಿಷಯದಲ್ಲಿ ತಪ್ಪುವವರೇ ಹೆಚ್ಚು. ಹೆಂಗಸರು ಸಾಮಾನ್ಯವಾಗಿ ಐದು, ಐದೂವರೆ ಮನೆಗೆ (ಮನೆ ಎಂದರೆ ಹಾರ್ಮೋನಿಯಂ ಕೀಲಿಗಳ ಲೆಕ್ಕದಲ್ಲಿ ಶ್ರುತಿಯ ಎತ್ತರ) ಷಡ್ಜ (ಸ) ಇಟ್ಟು ಹಾಡುತ್ತಾರೆ. ಮಗುವಿನ ದನಿಗೆ ಅದು ತೀರಾ ತಗ್ಗು. ಅಮ್ಮನ ಪಂಚಮ ಬರುವ ಹೊತ್ತಿಗೆ ಮಗುವಿನ ದನಿಯ ಕೆಳ ಅಂಚು ಮುಟ್ಟಿರುತ್ತದೆ. ಷಡ್ಜವನ್ನು ಅದಕ್ಕಿಂತ ಮೇಲೆ ಬರುವ ‘ಎರಡು ಮನೆ’ ಶ್ರುತಿಗೆ (ಕೀಬೋರ್ಡಿನ ಡಿ) ಏರಿಸಿ. ಆಗ ಸ ಸುಮಾರು 294 ಹರ್ಟ್ಸ್, ಗ 370, ಪ 440ರ ಹತ್ತಿರ ಬರುತ್ತವೆ. ಹಾರ್ಮೋನಿಯಂ ಅಥವಾ ಕೀಬೋರ್ಡ್ ಇದ್ದರೆ ಒಂದು ಸಲ ಹಿಡಿದು ನೋಡಿಕೊಳ್ಳಿ. ತಂಬೂರಿ ಆ್ಯಪ್ ಹಾಕುವುದಾದರೆ ನಿಮ್ಮ ಮಾತಿಗಿಂತ ಮೆಲ್ಲಗಿರಲಿ, ಫೋನು ಮಗುವಿನ ಕಿವಿಯ ಪಕ್ಕ ಬೇಡ. ಕೊದಾಯ್ ತರಗತಿಗಳಲ್ಲಿ ತಂಬೂರಿ ಇರುವುದಿಲ್ಲ, ಆದರೆ ಇರುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಪ-ಗ ನಡುವಿನ ಅಂತರವೇ ಶುದ್ಧ ಮಧ್ಯಮ ಮತ್ತು ಚತುಶ್ರುತಿ ರಿಷಭದ ನಡುವೆಯೂ ಇದೆ, ಮೇಲಿನ ಷಡ್ಜ ಮತ್ತು ಚತುಶ್ರುತಿ ಧೈವತದ ನಡುವೆಯೂ ಇದೆ. ಕೆಳಗೆ ಷಡ್ಜ ಮೊಳಗುತ್ತಿದ್ದರೆ ಮಾತ್ರ ಅದು ಪ-ಗ ಆಗಿ ಕೇಳಿಸುತ್ತದೆ.

ಮಾಡುವ ಕ್ರಮ ಹೀಗೆ. ಮಗು ನಿದ್ದೆ ಮುಗಿಸಿ, ಹಾಲು ಕುಡಿದು, ಗೆಲುವಾಗಿರುವ ಹೊತ್ತು ನೋಡಿ. ಟಿವಿ, ಮಿಕ್ಸಿ ಸದ್ದು ಬೇಡ. ಎದುರುಬದುರಾಗಿ ಎರಡು ಅಡಿಯೊಳಗೆ ಕೂತುಕೊಳ್ಳಿ. ಮಡಿಲಲ್ಲಿ ಆಚೆ ಮುಖ ಮಾಡಿ ಕೂರಿಸಿಕೊಂಡರೆ ಅದಕ್ಕೆ ನಿಮ್ಮ ಬಾಯಿ ಕಾಣುವುದಿಲ್ಲ. ಪ ಹಾಡುವಾಗ ಅಂಗೈ ನಿಮ್ಮ ಕಡೆಗೆ, ಹೆಬ್ಬೆರಳು ಮೇಲಕ್ಕೆ, ಕೈ ಗಲ್ಲದ ಮಟ್ಟಕ್ಕೆ. ಗ ಹಾಡುವಾಗ ಅಂಗೈ ನೆಲದ ಕಡೆಗೆ, ಮಣೆಯಂತೆ ಅಡ್ಡ, ಎದೆಯ ಮಟ್ಟಕ್ಕೆ. ಎರಡರ ನಡುವೆ ಒಂದು ಗೇಣಾದರೂ ಅಂತರ ಇರಲಿ, ಕೈ ಮುಖದಿಂದ ಒಂದು ಗೇಣು ಪಕ್ಕಕ್ಕಿರಲಿ. ಗಲ್ಲದ ಮುಂದೆಯೇ ಕೈ ಹಿಡಿದರೆ ಬಾಯಿ ಮುಚ್ಚಿಹೋಗುತ್ತದೆ, ಮಗು ಬಾಯಿಯನ್ನೇ ಹುಡುಕುತ್ತಾ ಕೂರುತ್ತದೆ.

ಮೊದಮೊದಲು ಸ್ವರದ ಹೆಸರು ಬೇಡ. ‘ಊ-ಊ’ ಎನ್ನಿ, ಅಥವಾ ಮಗುವಿನ ಹೆಸರನ್ನೇ ಎರಡಕ್ಷರ ಮಾಡಿ ಹಾಡಿ: ‘ಪುಟ್-ಟೀ’, ಮೊದಲಕ್ಷರ ಪಂಚಮದಲ್ಲಿ, ಎರಡನೆಯದು ಗಾಂಧಾರದಲ್ಲಿ. ಒಂದೊಂದಕ್ಕೆ ಒಂದು ಸೆಕೆಂಡ್. ಕೈ ಆಯಾ ಜಾಗಕ್ಕೆ ಬಂದು ನಿಲ್ಲುವುದೂ ದನಿ ಹೊರಡುವುದೂ ಒಂದೇ ಕ್ಷಣ ಆಗಬೇಕು. ಹಾಡಿ ಆಮೇಲೆ ಕೈ ಎತ್ತಿದರೆ ಎರಡಕ್ಕೂ ನಂಟು ಹುಟ್ಟುವುದಿಲ್ಲ.

ಒಮ್ಮೆ ಪ-ಗ ಹಾಡಿದ ಮೇಲೆ ಸುಮ್ಮನಾಗಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಈ ಮೌನವನ್ನು ಯಾರೂ ತಡೆದುಕೊಳ್ಳುವುದಿಲ್ಲ, ಮತ್ತೆ ಮತ್ತೆ ಹಾಡುತ್ತಲೇ ಹೋಗುತ್ತಾರೆ. ಉತ್ತರ ಕೊಡಲು ಮಗುವಿಗೆ ಸಮಯ ಬೇಕು. ಕಾಲು ಬಡಿಯುವುದು ನಿಲ್ಲುತ್ತದೆ, ಕಣ್ಣು ನಿಮ್ಮ ಬಾಯಿಗೆ ನೆಡುತ್ತದೆ, ತುಟಿ ಗುಂಡಗಾಗುತ್ತದೆ, ಆಮೇಲೆ ಒಂದು ‘ಊ’ ಬಂದೀತು. ಅದು ಯಾವ ಸ್ವರದಲ್ಲೇ ಇರಲಿ, ನೀವು ಆ ಸ್ವರಕ್ಕೇ ಹೋಗಿ ಸೇರಿಕೊಳ್ಳಿ, ಅದೇ ಎತ್ತರಕ್ಕೆ ಕೈ ಹಿಡಿಯಿರಿ. ತನ್ನ ದನಿಯೂ ಅಮ್ಮನ ದನಿಯೂ ಒಂದಾಗುವುದು ಹೇಗಿರುತ್ತದೆ ಎಂದು ಮಗುವಿಗೆ ಗೊತ್ತಾಗುವುದು ಹೀಗೆ. ಆಮೇಲೆ ಮತ್ತೆ ಪ-ಗ. ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಸಲ ಸಾಕು. ಮುಖ ತಿರುಗಿಸಿತೆಂದರೆ ಅಲ್ಲಿಗೆ ಬಿಡಿ.

ಎಣ್ಣೆ ಹಚ್ಚುವಾಗ ಕೈಸನ್ನೆ ಸಾಧ್ಯವಿಲ್ಲ, ಆದರೆ ಅದು ಒಳ್ಳೆಯ ಹೊತ್ತು. ಪ ಹಾಡುತ್ತಾ ಭುಜ ಮುಟ್ಟಿ, ಗ ಹಾಡುತ್ತಾ ಸೊಂಟ ಮುಟ್ಟಿ. ಎಂಟು ತಿಂಗಳಿಗಿಂತ ಚಿಕ್ಕ ಕೂಸುಗಳಿಗೂ ಇದು ಹೊಂದುತ್ತದೆ.

ಹಾಡು ಬಲ್ಲವರಿಗೆ ಒಂದು ಎಚ್ಚರಿಕೆ: ಗಮಕ ಬೇಡ. ಕೈ ಒಂದೇ ಕಡೆ ನಿಂತಿದ್ದು ದನಿ ಅಲುಗಾಡಿದರೆ ಕಣ್ಣಿಗೊಂದು, ಕಿವಿಗೊಂದು ಆಗುತ್ತದೆ. ಇನ್ನೊಂದು ದೋಷ, ಪ-ಗ ಹತ್ತು ಸಲ ಹಾಡುವಷ್ಟರಲ್ಲಿ ಶ್ರುತಿ ಇಳಿದುಬಿಡುವುದು. ಗಾಂಧಾರವನ್ನು ಕೊಂಚ ತಗ್ಗಿಸಿ, ಅಲ್ಲಿಂದ ಪಂಚಮವನ್ನೂ ತಗ್ಗಿನಲ್ಲೇ ಹಿಡಿಯುವುದರಿಂದ ಹೀಗಾಗುತ್ತದೆ. ನಾಲ್ಕೈದು ಸಲಕ್ಕೊಮ್ಮೆ ನಿಲ್ಲಿಸಿ ತಂಬೂರಿ ಕೇಳಿ. ಅಪ್ಪ ಹಾಡುವುದಾದರೆ ದನಿ ಒಂದು ಸ್ಥಾಯಿ ಕೆಳಗೆ ಇರುತ್ತದೆ. ಕಳ್ಳದನಿಯಲ್ಲಿ (ಗಂಟಲು ಸಣ್ಣಗೆ ಮಾಡಿ) ಮೆಲ್ಲಗೆ ಮೇಲೆ ಹಾಡಿದರೆ ಮಗುವಿಗೆ ಹಿಡಿಯಲು ಸುಲಭ.

ವರ್ಷ ತುಂಬಿದ ಮೇಲೆ ಧೈವತ (ಚತುಶ್ರುತಿ) ಸೇರಿಸಿ: ಮಣಿಕಟ್ಟಿನಿಂದ ಬೆರಳು ಜೋತುಬಿದ್ದ ಕೈ, ಕಣ್ಣಿನ ಮಟ್ಟಕ್ಕೆ. ‘ಪ ಪ ದ ದ ಪ ಪ ಗ’ ಎಂಬ ಒಂದು ಸಾಲಿಗೆ ಸ್ನಾನ, ಊಟ, ಚಪ್ಪಲಿ ಯಾವ ಮಾತನ್ನು ಬೇಕಾದರೂ ಕೂರಿಸಬಹುದು. ಎರಡು ವರ್ಷದ ಸುಮಾರಿಗೆ ಸ: ಸೊಂಟದ ಮಟ್ಟಕ್ಕೆ ಮುಷ್ಟಿ. ಆಮೇಲೆ ರಿ: ಬೆರಳ ತುದಿ ಮೇಲ್ಮುಖವಾಗಿ ಓರೆಯಾಗಿಟ್ಟ ಕೈ. ಈ ಐದು ಸೇರಿದರೆ ಮೋಹನ ರಾಗದ ಸ್ವರಗಳೇ ಆದವು. ಸ್ವರದ ಹೆಸರು ಹೇಳಿಕೊಡಲು ಇದು ಸರಿಯಾದ ಕಾಲ. ಕೊದಾಯ್ ಪದ್ಧತಿಯ ಡೊ ಕೂಡ ನಮ್ಮ ಆಧಾರ ಷಡ್ಜದಂತೆ ಎಲ್ಲಿ ಬೇಕಾದರೂ ಕೂರುವಂಥದ್ದು. ಹಾಗಾಗಿ ಮುಂದೆ ನಮ್ಮ ಸಂಗೀತ ಕಲಿಸುವ ಮನಸ್ಸಿದ್ದರೆ ಸರಿಗಮವನ್ನೇ ಹೇಳಿ, ಏನೂ ನಷ್ಟವಿಲ್ಲ. ಎರಡನ್ನೂ ಒಟ್ಟಿಗೆ ಹೇಳಬೇಡಿ.

ಮ ಮತ್ತು ನಿ ಕೊನೆಗೆ. ಗ-ಮ, ನಿ-ಸ ನಡುವೆ ಇರುವುದು ಅರ್ಧ ಸ್ವರ, ಎಳೆಯ ಗಂಟಲಿಗೆ ಅದು ನಿಲುಕುವುದಿಲ್ಲ. ಪುರಂದರದಾಸರಿಂದ ಬಂದದ್ದೆಂದು ನಂಬುವ, ಮಾಯಾಮಾಳವಗೌಳ ರಾಗದ ಸರಳೆ ವರಸೆಯಲ್ಲಿ (ಕರ್ನಾಟಕ ಸಂಗೀತದ ಮೊದಲ ಪಾಠ) ಇಂಥ ಅರ್ಧ ಸ್ವರಗಳು ನಾಲ್ಕು ಕಡೆ ಇವೆ. ಆರೇಳು ವರ್ಷದವರಿಗೆ ಒಳ್ಳೆಯ ಪಾಠ, ಕೂಸಿಗಲ್ಲ. ನಾಲ್ಕೈದು ವರ್ಷದವರೆಗೂ ಮಕ್ಕಳ ಸ್ವರ ಅತ್ತಿತ್ತ ಹೋಗುವುದು ಸಹಜ. ‘ಅಪಸ್ವರ’ ಎನ್ನಬೇಡಿ, ತಿದ್ದುವ ಬದಲು ಇನ್ನೊಮ್ಮೆ ನೀವೇ ಹಾಡಿ.

ಯಾವ ಸದ್ದು ಕೇಳಿದರೂ ಇದು ಇಂಥ ಮನೆಯ ಸ್ವರ ಎಂದು ಹೇಳುವ ಶಕ್ತಿ ಇದರಿಂದ ಬರುತ್ತದೆಂದು ಕೆಲವರು ಜಾಹೀರಾತು ಕೊಡುತ್ತಾರೆ. ಇಲ್ಲ. ಇದು ಕಲಿಸುವುದು ಸ್ವರಕ್ಕೂ ಸ್ವರಕ್ಕೂ ಇರುವ ಅಂತರವನ್ನು. ನಮ್ಮ ಸಂಗೀತಕ್ಕೆ ಬೇಕಾದದ್ದೂ ಅದೇ.

ಎಂಟು ತಿಂಗಳಾದರೂ ಮಗು ಹಿಂದಿನಿಂದ ಕರೆದರೆ ತಿರುಗದಿದ್ದರೆ ಇದನ್ನೆಲ್ಲ ಬದಿಗಿಟ್ಟು ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶಿಶುಗಳಿಗೂ ಪರೀಕ್ಷೆ ಮಾಡುತ್ತಾರೆ.

ಎರಡು ಮೂರು ವಾರ ಬಿಡದೆ ಮಾಡಿದ ಮೇಲೆ ಹೀಗೆ ನೋಡಿ: ಹಾಡದೆ, ಕೈಯನ್ನು ಮಾತ್ರ ಮೆಲ್ಲಗೆ ಪಂಚಮದ ಜಾಗಕ್ಕೆ ಎತ್ತಿ ತಡೆಯಿರಿ. ಮಗು ಕೈ ನೋಡಿ, ಆಮೇಲೆ ನಿಮ್ಮ ಬಾಯಿ ನೋಡಿ ಕಾದರೆ, ಸನ್ನೆ ಅದಕ್ಕೆ ದಕ್ಕಿದೆ. ಮುಂದೆ ವರಸೆ ಪಾಠ ಶುರುವಾದ ದಿನ ಸನ್ನೆ ನಿಲ್ಲಿಸಿಬಿಡಿ, ಅಲ್ಲಿಂದಾಚೆಗೆ ಆ ಕೈ ತಾಳಕ್ಕೆ ಬೇಕು.