ಬ್ಯಾಸ್ಕೆಟ್‌ಬಾಲ್‌ನಲ್ಲಿ ಫ್ರೀ ಥ್ರೋ ರಿಂಗ್ ದಾಟುತ್ತಿಲ್ಲ, ಡಂಬೆಲ್ ಎತ್ತಿದರೆ ಸರಿಹೋಗುತ್ತದಾ?

ಡಂಬೆಲ್ ಎತ್ತಿ, ಬೇಡ ಅನ್ನುವುದಿಲ್ಲ. ಆದರೆ ಈ ತೊಂದರೆ ಅದರಿಂದ ಹೋಗುವುದಿಲ್ಲ.

ಫ್ರೀ ಥ್ರೋ ಲೈನಿನಿಂದ (ಫೌಲ್ ಆದಾಗ ಯಾರೂ ಅಡ್ಡಬರದೆ ರಿಂಗಿಗೆ ಎಸೆಯುವ ಗೆರೆ) ಹಾಕಿದರೆ ಬಾಲ್ ರಿಂಗಿನ ಮುಂದಿನ ಅಂಚಿಗೆ ಬಡಿದು ವಾಪಸ್ ಬರುತ್ತದೆ, ಜೋರಾಗಿ ಎಸೆದರೆ ಎಡಕ್ಕೋ ಬಲಕ್ಕೋ ಹೋಗುತ್ತದೆ ಅಂತ ಬರೆದಿದ್ದೀರಿ. ಬಳ್ಳಾರಿಯಲ್ಲಿ ಸಂಜೆ ಗ್ರೌಂಡಿಗೆ ಬರುವ ಹೊಸ ಹುಡುಗರದ್ದೆಲ್ಲ ಇದೇ ಕಥೆ. ಕಂಬದ ಹಾಗೆ ನಿಂತು, ಎಲ್ಲ ಕೆಲಸವನ್ನೂ ಭುಜಕ್ಕೆ ಹಚ್ಚುತ್ತಾರೆ. ಬಾಲ್ ದೂರ ಹೋಗಬೇಕಾದರೆ ಶಕ್ತಿ ಎರಡೂ ಕಾಲುಗಳಿಂದ ಬರಬೇಕು. ಮೊಣಕಾಲು ಸ್ವಲ್ಪ ಬಗ್ಗಿಸಿ, ಮೇಲೇಳುತ್ತಲೇ ಬಾಲ್ ಬಿಡಿ. ಪೂರ್ತಿ ಎದ್ದು ನಿಂತು, ಒಂದು ಕ್ಷಣ ತಡೆದು, ಆಮೇಲೆ ಎಸೆದರೆ ಕಾಲಿನ ಬಲವೆಲ್ಲ ಅಲ್ಲೇ ಮುಗಿದಿರುತ್ತದೆ.

ಇನ್ನೊಂದು, ಬಾಲ್ ಮೇಲಕ್ಕೆ ಹೋಗಲಿ. ಲೆಕ್ಕ ನೋಡಿ: ರಿಂಗ್ 10 ಅಡಿ ಎತ್ತರದಲ್ಲಿದೆ, ಅದರ ಅಗಲ ಸುಮಾರು 45 ಸೆಂ.ಮೀ., ಗಂಡಸರು ಆಡುವ 7ನೇ ಸೈಜಿನ ಬಾಲ್ ಸುಮಾರು 24 ಸೆಂ.ಮೀ. ಬಾಲ್ 45 ಡಿಗ್ರಿಯಲ್ಲಿ ಇಳಿದರೆ ಅದಕ್ಕೆ ಸಿಗುವ ಜಾಗ 32 ಸೆಂ.ಮೀ.ನಷ್ಟು. ಅದೇ 30 ಡಿಗ್ರಿಯಲ್ಲಿ ಚಪ್ಪಟೆಯಾಗಿ ಬಂದರೆ 22.5 ಸೆಂ.ಮೀ. ಮಾತ್ರ, ಅಂದರೆ ಬಾಲಿಗಿಂತ ಚಿಕ್ಕದು! ಅಂಚಿಗೆ ತಾಗದೆ ಒಳಗೆ ಹೋಗುವ ಮಾತೇ ಇಲ್ಲ. ಎಷ್ಟೇ ಜೋರಾಗಿ ಎಸೆದರೂ ಈ ಲೆಕ್ಕ ಬದಲಾಗುವುದಿಲ್ಲ, ಅಲ್ವಾ?

ಪಕ್ಕಕ್ಕೆ ಹೋಗುವುದಕ್ಕೆ ಹೆಚ್ಚಾಗಿ ಕಾರಣ ಎಡಗೈ ಹೆಬ್ಬೆರಳು (ನೀವು ಬಲಗೈಯವರು ಅಂದುಕೊಂಡಿದ್ದೇನೆ). ಎಡಗೈ ಬಾಲಿಗೆ ಸುಮ್ನೆ ಆಸರೆ, ತಳ್ಳಬಾರದು. ಬಾಲ್ ಅಂಗೈಯಲ್ಲಿ ಕೂರದೆ ಬೆರಳುಗಳ ಮೇಲಿರಲಿ, ಮೊಣಕೈ ರಿಂಗ್ ಕಡೆ ಇರಲಿ, ಬಿಟ್ಟ ಮೇಲೆ ಮಣಿಕಟ್ಟು ಕೆಳಗೆ ಬಾಗಿಯೇ ಇರಲಿ.

ಇದನ್ನೆಲ್ಲ ಫ್ರೀ ಥ್ರೋ ಲೈನಿನಲ್ಲಿ ನಿಂತು ಕಲಿಯಲು ಹೋಗಬೇಡಿ. ರಿಂಗಿನಿಂದ ನಾಲ್ಕು ಅಡಿ ದೂರದಲ್ಲಿ ನಿಂತು ಒಂದೇ ಕೈಯಲ್ಲಿ ಹಾಕಿ. ಸತತವಾಗಿ ಐದು ಬಿದ್ದರೆ ಒಂದು ಹೆಜ್ಜೆ ಹಿಂದೆ. ಜೊತೆಯವರು ನಗುತ್ತಾರೆ, ನಗಲಿ ಬಿಡಿ. ದೂರದ ಶಾಟ್‌ಗೆ ಹೆಸರಾದ ಅಮೆರಿಕದ ಆಟಗಾರ ಸ್ಟೀಫನ್ ಕರಿ ವಿಡಿಯೋ ನೋಡಿಕೊಂಡು ಬಂದವರೆಲ್ಲ ನೇರ ಮೂರು ಪಾಯಿಂಟಿನ 6.75 ಮೀಟರ್ ಗೆರೆಗೆ ಹೋಗಿ ನಿಲ್ಲುತ್ತಾರೆ. ಆದರೆ ಆ ಕರಿಯೇ ಹೈಸ್ಕೂಲಿನಲ್ಲಿದ್ದಾಗ ಸೊಂಟದ ಹತ್ತಿರದಿಂದ ಬಾಲ್ ಎಸೆಯುತ್ತಿದ್ದವನು. ಅವನಪ್ಪ ಡೆಲ್ ಕರಿ, ಅವರೂ ಎನ್‌ಬಿಎಯಲ್ಲಿ (ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ಆಡಿದವರೇ, ಒಂದು ಬೇಸಿಗೆ ರಜೆ ಪೂರ್ತಿ ಕೂತು ಅದನ್ನು ತಲೆ ಮೇಲಿಂದ ಬಿಡುವ ಶಾಟ್ ಮಾಡಿಸಿದರು. ಆಗ ಹತ್ತಿರದಿಂದಲೇ ಶುರು ಮಾಡಬೇಕಾಯಿತು, ದೂರದ ಶಾಟ್ ಬೀಳುತ್ತಲೇ ಇರಲಿಲ್ಲ. ನಿಮಗೂ ಮೊದಲ ಕೆಲವು ವಾರ ಈಗಿರುವುದಕ್ಕಿಂತ ಕಮ್ಮಿಯೇ ಬೀಳಬಹುದು, ಹಳೆಯ ರೂಢಿಗೆ ಓಡಿಹೋಗಬೇಡಿ.

ನಮ್ಮೂರಿನ ಬಿಸಿಲಿಗೆ ಬೆಳಿಗ್ಗೆ ಆರಕ್ಕೇ ಹೋಗುವುದು ಒಳ್ಳೆಯದು. ಸಿಮೆಂಟ್ ಕೋರ್ಟಿನ ಧೂಳಿಗೆ ಬಾಲ್ ಜಾರುತ್ತದೆ, ಒಂದು ಒದ್ದೆ ಬಟ್ಟೆ ಇಟ್ಟುಕೊಳ್ಳಿ. ಆಷಾಢದ ಗಾಳಿಯಲ್ಲಿ ದೂರದ ಶಾಟ್ ನಂಬುವ ಹಾಗಿಲ್ಲ, ಆಗ ಪಕ್ಕದಿಂದ ರಿಂಗಿನ ಹಿಂದಿನ ಬೋರ್ಡಿಗೆ ಹೊಡೆದು ಬಾಲ್ ಒಳಗೆ ಹಾಕುವುದನ್ನು ರೂಢಿ ಮಾಡಿ. ಬೋರ್ಡಿನ ಚಿಕ್ಕ ಚೌಕದಲ್ಲಿ ನಿಮ್ಮ ಕಡೆಯ ಮೇಲಿನ ಮೂಲೆ ಗುರಿ.

ಹಾಂ, ರಿಂಗನ್ನೂ ಒಮ್ಮೆ ನೋಡಿ. ಹುಡುಗರು ಜೋತುಬಿದ್ದು ಎಷ್ಟೋ ಕಡೆ ಮುಂದಕ್ಕೆ ಬಾಗಿರುತ್ತದೆ. ಕೋರ್ಟಿನ ಎರಡು ರಿಂಗುಗಳಲ್ಲಿ ಯಾವುದು ನೆಟ್ಟಗಿದೆಯೋ ಅಲ್ಲೇ ಪ್ರಾಕ್ಟೀಸ್ ಮಾಡಿ.