‘ಶಾಸಕರಿಗೆ ಬೇಕಾದವರು’ ಎಂಬ ನಂಬಿಕೆ ಕಡತ ತಡೆದಾಗ

ಪ್ರಶ್ನೆ: ತಾಲ್ಲೂಕು ಕಚೇರಿಯೊಂದಕ್ಕೆ ವರ್ಗವಾಗಿ ಬಂದು 3 ತಿಂಗಳಾಯಿತು. ಇಲ್ಲಿನ ಪ್ರಥಮ ದರ್ಜೆ ಸಹಾಯಕರೊಬ್ಬರು ಶಾಸಕರಿಗೆ ಬಹಳ ಬೇಕಾದವರೆಂದು ಸಿಬ್ಬಂದಿಯೂ ಸಾರ್ವಜನಿಕರೂ ನಂಬಿದ್ದಾರೆ. ಅವರನ್ನು ಕೇಳದೆ ಯಾರೂ ಕಡತ ಮಂಡಿಸುವುದಿಲ್ಲ. ಈ ನಂಟು ನಿಜವೇ ಎಂದು ತಿಳಿಯುವುದು ಹೇಗೆ?

ಉತ್ತರ: ಅದನ್ನು ಪತ್ತೆ ಮಾಡಲು ಹೆಚ್ಚು ಶ್ರಮಪಡಬೇಡಿ. ಶಾಸಕರು ಅವರ ಹೆಸರನ್ನೇ ಕೇಳಿರದಿದ್ದರೂ, ಉಳಿದವರು ನಂಬಿರುವವರೆಗೆ ಕಡತ ಅವರ ಮೇಜಿನ ಬಳಿ ನಿಲ್ಲುತ್ತಲೇ ಇರುತ್ತದೆ. ಸಂಸ್ಥೆಗಳೊಳಗಿನ ಸಂಬಂಧಗಳನ್ನು ಅಧ್ಯಯನ ಮಾಡುವ ಸಂಶೋಧಕರಾದ ಮಾರ್ಟಿನ್ ಕಿಲ್ಡಫ್ ಮತ್ತು ಡೇವಿಡ್ ಕ್ರಾಕ್‌ಹಾರ್ಟ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ: ಸಂಸ್ಥೆಯ ಪ್ರಭಾವಿಯೊಬ್ಬರ ಗೆಳೆಯನೆಂದು ಇತರರು ಭಾವಿಸಿದ್ದ ವ್ಯಕ್ತಿಗೆ ಒಳ್ಳೆಯ ಕೆಲಸಗಾರನೆಂಬ ಹೆಸರು ಬರುತ್ತಿತ್ತು, ಅಂಥ ಗೆಳೆತನ ನಿಜವಾಗಿ ಇದ್ದ ಮಾತ್ರಕ್ಕೆ ಆ ಲಾಭ ಸಿಗಲಿಲ್ಲ.

ನಿಮ್ಮ ಸ್ವಂತ ಗ್ರಹಿಕೆಯೂ ಇಲ್ಲಿ ಮುಖ್ಯ. 36 ನೌಕರರಿದ್ದ ಅಮೆರಿಕದ ಸಣ್ಣ ಕಂಪನಿಯೊಂದನ್ನು ಕುರಿತ ಕ್ರಾಕ್‌ಹಾರ್ಟ್ ಅವರ 1990ರ ಅಧ್ಯಯನದಲ್ಲಿ, ಯಾರು ಯಾರಲ್ಲಿ ಸಲಹೆ ಕೇಳುತ್ತಾರೆಂಬುದನ್ನು ಸರಿಯಾಗಿ ಗ್ರಹಿಸಿದ್ದವರನ್ನು ಸಹೋದ್ಯೋಗಿಗಳು ಪ್ರಭಾವಿಗಳೆಂದು ಗುರುತಿಸಿದ್ದರು. ಯಾರು ಯಾರ ಗೆಳೆಯರೆಂದು ಸರಿಯಾಗಿ ತಿಳಿದಿದ್ದ ಮಾತ್ರಕ್ಕೆ ಅಂಥ ಹೆಸರೇನೂ ಬರಲಿಲ್ಲ. ಖಾಸಗಿ ಕಂಪನಿಯ ಫಲಿತಾಂಶವನ್ನು ಸರ್ಕಾರಿ ಕಚೇರಿಗೆ ಹಾಗೆಯೇ ಅನ್ವಯಿಸಲಾಗದು, ಆದರೂ ಯಾರು ಯಾರೊಡನೆ ಚಹಾಕ್ಕೆ ಹೋಗುತ್ತಾರೆಂಬುದನ್ನು ಬಿಟ್ಟು, ಪೋಡಿ (ಜಮೀನಿನ ಸರ್ವೆ ನಂಬರ್ ವಿಭಜನೆ) ಪ್ರಕರಣದಲ್ಲಿ ಸಂಶಯ ಬಂದಾಗ ವಿಷಯ ನಿರ್ವಾಹಕರು ಯಾರ ಮೇಜಿನತ್ತ ನಡೆಯುತ್ತಾರೆಂದು ಒಂದು ವಾರ ಗಮನಿಸಿ. ‘ನೀವು ಯಾರನ್ನು ಕೇಳುತ್ತೀರಿ’ ಎಂಬುದರ ಜೊತೆಗೆ ‘ಉಳಿದವರು ಯಾರನ್ನು ಕೇಳುತ್ತಾರೆಂದು ನಿಮಗನಿಸುತ್ತದೆ’ ಎಂದೂ ಒಬ್ಬೊಬ್ಬರನ್ನೇ ವಿಚಾರಿಸಿದರೆ, ಈ ಎರಡು ಉತ್ತರಗಳು ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ವದಂತಿ ಕೆಲಸ ಮಾಡುತ್ತಿದೆ ಎಂದು ಊಹಿಸಬಹುದು. (ಉತ್ತರಗಳನ್ನು ಪಟ್ಟಿ ಮಾಡಿ ಡ್ರಾಯರಿನಲ್ಲಿಡಬೇಡಿ, ಅದು ಹೊರಬಿದ್ದರೆ ಹೊಸ ವದಂತಿಗೆ ನೀವೇ ಕಾರಣರಾಗುತ್ತೀರಿ.)

ನಂಬಿಕೆಯನ್ನು ಮಾತಿನಿಂದ ಅಳಿಸಲಾಗದು, ನಿರುಪಯುಕ್ತವಾಗಿಸಬಹುದು. ಕರ್ನಾಟಕದ ಭೂದಾಖಲೆಗಳನ್ನು ಗಣಕೀಕರಿಸಿದ ನಮ್ಮ ‘ಭೂಮಿ’ ಯೋಜನೆಗೆ ಮೊದಲು ಪಹಣಿ ದಾಖಲೆಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು, ಅವರಿಗೆ ಬೇಕಾದವರು ಯಾರೆಂಬ ಲೆಕ್ಕಾಚಾರವೂ ರೈತರಿಗೆ ತಪ್ಪಿದ್ದಲ್ಲ. ದಾಖಲೆಗಳು ಗಣಕೀಕೃತವಾಗಿ, ಖಾತೆ ಬದಲಾವಣೆಗೆ ‘ಮೊದಲು ಬಂದ ಅರ್ಜಿ ಮೊದಲು’ ಎಂಬ ನಿಯಮವನ್ನು ತಂತ್ರಾಂಶದಲ್ಲೇ ಅಳವಡಿಸಿದ ಮೇಲೆ, ಕನಿಷ್ಠ ಸರದಿಯ ಮಟ್ಟಿಗೆ ಆ ಲೆಕ್ಕಾಚಾರಕ್ಕೆ ಬೆಲೆ ಕಡಿಮೆಯಾಯಿತು. ನೀವೂ ಬಾಕಿ ಅರ್ಜಿಗಳನ್ನು ಸ್ವೀಕರಿಸಿದ ದಿನಾಂಕದ ಕ್ರಮದಲ್ಲಿ ಸೂಚನಾ ಫಲಕದ ಮೇಲೆ ಹಾಕಿಸಿ, ಕಡತ ಯಾರ ಬಳಿ ಎಷ್ಟು ದಿನ ಇತ್ತೆಂಬುದನ್ನು ಪ್ರತಿ ಸೋಮವಾರ ನೋಡಿ. ಆ ಸಹಾಯಕರನ್ನು ಕಾಣದ ರೈತನ ಅರ್ಜಿಯೂ ಕಂಡವನ ಅರ್ಜಿಯೂ ಸರದಿ ಪ್ರಕಾರವೇ ಇತ್ಯರ್ಥವಾದರೆ, ಸುದ್ದಿ ಹಳ್ಳಿಗೆ ತಾನಾಗಿ ತಲುಪುತ್ತದೆ.

ಆ ಸಹಾಯಕರನ್ನೇ ಕರೆದು ಕೇಳಿಬಿಡುವ ಯೋಚನೆಯಿದ್ದರೆ ಸದ್ಯಕ್ಕೆ ಬೇಡ. ಕೊಠಡಿಯ ಬಾಗಿಲು ಮುಚ್ಚಿ ಅರ್ಧ ಗಂಟೆ ಮಾತನಾಡಿದರೆ, ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವವರು ಅವರು ನಿಮಗೂ ಬೇಕಾದವರೆಂದೇ ತಿಳಿಯುತ್ತಾರೆ.