'ಮೇಸ್ತ್ರಿ' ಎಂಬ ಪದ ಎಲ್ಲಿಂದ ಬಂತು? 'ಕುಶಲಕರ್ಮಿ' ಎಂದರೂ ಅದೇ ಅರ್ಥವೇ?

ತಾವು ಎರಡು ಸಂಗತಿ ಕೇಳಿದ್ದೀರಿ: ಗಾರೆ ಕೆಲಸದವರನ್ನು ಕರೆಯುವ 'ಮೇಸ್ತ್ರಿ' ಎಂಬ ಮಾತು ಸಂಸ್ಕೃತದ 'ಶಾಸ್ತ್ರಿ'ಯಿಂದ ಹುಟ್ಟಿದ್ದೇ, ಮತ್ತು ಸರ್ಕಾರಿ ಕಾಗದಗಳಲ್ಲಿ ಕಾಣುವ 'ಕುಶಲಕರ್ಮಿ' ಅದರದೇ ಶಿಷ್ಟ ರೂಪವೇ ಎಂದು. ಎರಡಕ್ಕೂ ನನ್ನ ಉತ್ತರ ಅಲ್ಲ ಎಂದೇ. ಮೇಸ್ತ್ರಿಗೂ ಶಾಸ್ತ್ರಿಗೂ ಪ್ರಾಸವೊಂದನ್ನು ಬಿಟ್ಟರೆ ಬೇರೆ ನಂಟಿಲ್ಲ. ಅದು ಪೋರ್ಚುಗೀಸ್ ಭಾಷೆಯ 'ಮೆಸ್ತ್ರೆ' ಎಂಬ ಪದ. ಆದರೂ ನಿಮ್ಮ ಊಹೆ ಬೇರೊಂದು ದಿಕ್ಕಿನಿಂದ ಸತ್ಯಕ್ಕೆ ಹತ್ತಿರ ಬಂದಿದೆ, ಅದನ್ನು ಮುಂದೆ ಹೇಳುತ್ತೇನೆ.

ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಯ ಬಳಿ ಬಂದಿಳಿದು, 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಮೇಲೆ ಪಶ್ಚಿಮ ಕರಾವಳಿಯ ಭಾಷೆಗಳಿಗೆ ಅವರ ಮಾತುಗಳು ಧಾರಾಳವಾಗಿ ಸೇರಿದವು. ಚಾವಿ, ಬಟಾಟೆ, ಪಾದ್ರಿ, ಇಗರ್ಜಿ ಇವೆಲ್ಲ ಹಾಗೆ ಬಂದವೇ. ತನ್ನ ಕಸುಬನ್ನು ಚೆನ್ನಾಗಿ ಬಲ್ಲ, ಬೇರೆಯವರಿಂದಲೂ ಮಾಡಿಸಬಲ್ಲ ಹಿರಿಯ ಕೆಲಸಗಾರನಿಗೆ ಅವರು ಮೆಸ್ತ್ರೆ ಎನ್ನುತ್ತಿದ್ದರು. ಅದು ಕನ್ನಡದಲ್ಲಿ ಮೇಸ್ತ್ರಿಯಾಯಿತು, ತಮಿಳಿನಲ್ಲಿ ಮೇಸ್ತಿರಿಯಾಯಿತು, ಹಿಂದಿ ಮರಾಠಿಗಳಲ್ಲಿ ಮಿಸ್ತ್ರಿಯಾಯಿತು. 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ಎಂಬ ಆಂಗ್ಲೋ-ಇಂಡಿಯನ್ ಪದಕೋಶವು ಈ ಮೂಲವನ್ನೇ ಹೇಳಿ, ದಕ್ಷಿಣದ ಬಿಳಿಯರ ಮನೆಗಳಲ್ಲಿ ಮೇಸ್ತ್ರಿ ಎಂದರೆ ಸಾಮಾನ್ಯವಾಗಿ ಅಡುಗೆಯವನು ಇಲ್ಲವೇ ದರ್ಜಿ ಎಂದು ದಾಖಲಿಸಿದೆ. ಇಂದು ಬೆಂಗಳೂರಿನಲ್ಲಿ ಹಳೆಯ ಬಡಾವಣೆಯ ಯಾವ ಮನೆಯನ್ನು ಕೆಡವಿ ಕಟ್ಟುತ್ತಿದ್ದರೂ ಒಂದೇ ಸಾರವೆಯ ಮೇಲೆ ರಾಯಚೂರಿನ ಕಡೆಯವರು ಮೇಸ್ತ್ರಿ ಎಂದೂ, ಬಿಹಾರದ ಕಡೆಯವರು ಮಿಸ್ತ್ರಿ ಎಂದೂ ಒಬ್ಬನನ್ನೇ ಕೂಗುವುದನ್ನು ಕೇಳಬಹುದು.

ಪೋರ್ಚುಗೀಸ್ ಮೆಸ್ತ್ರೆಯ ಹಿಂದೆ ಲ್ಯಾಟಿನ್ ಭಾಷೆಯ 'ಮ್ಯಾಜಿಸ್ಟರ್' ಇದೆ. 'ಮ್ಯಾಜಿಸ್' ಎಂದರೆ ಹೆಚ್ಚು. ಆದ್ದರಿಂದ ಮ್ಯಾಜಿಸ್ಟರ್ ಎಂದರೆ ಮೇಲಿನವನು, ಯಜಮಾನ, ಗುರು. ಇದಕ್ಕೆ ಎದುರಾದ ಪದ ಕಡಿಮೆ ಎಂಬರ್ಥದ 'ಮೈನಸ್'ನಿಂದ ಹುಟ್ಟಿದ 'ಮಿನಿಸ್ಟರ್', ಅಂದರೆ ಸೇವಕ. ಪದಮೂಲದ ಲೆಕ್ಕದಲ್ಲಿ ವಿಧಾನಸೌಧವನ್ನು ಕಟ್ಟಿದ ಮೇಸ್ತ್ರಿ ಅದರೊಳಗೆ ಕುಳಿತ ಮಿನಿಸ್ಟರಿಗಿಂತ ಮೇಲಿನವನು, ಆದರೆ ಈ ಲೆಕ್ಕವನ್ನು ಯಾರೂ ಒಪ್ಪಲಾರರು.

ಅದೇ ಮ್ಯಾಜಿಸ್ಟರ್ ಇಂಗ್ಲಿಷಿನಲ್ಲಿ 'ಮಾಸ್ಟರ್' ಆಗಿ, ಅಲ್ಲಿಂದ ಕನ್ನಡಕ್ಕೆ ಎರಡನೆಯ ಸಲ ಬಂದಿತು. ಶಾಲೆಯ 'ಮೇಷ್ಟ್ರು' ಎಂಬುದು ಅದೇ. ಹಾಗಾಗಿ ಮೇಷ್ಟ್ರು ಮತ್ತು ಮೇಸ್ತ್ರಿ ಕೇಳುವುದಕ್ಕೆ ಒಂದೇ ರೀತಿ ಇರುವುದು ಆಕಸ್ಮಿಕವಲ್ಲ. ಒಬ್ಬರು ಸಮುದ್ರದ ದಾರಿಯಲ್ಲಿ ಗೋವೆಯಿಂದ ಬಂದವರು, ಇನ್ನೊಬ್ಬರು ಇಂಗ್ಲಿಷ್ ಶಾಲೆಯಿಂದ ಬಂದವರು, ಅಷ್ಟೇ. ಬೆಂಗಳೂರಿನಲ್ಲಂತೂ ಮಾಸ್ಟರ್ ಮತ್ತೆ ಕೈಕೆಲಸಕ್ಕೇ ಮರಳಿದ್ದಾನೆ: ಟೈಲರ್ ಅಂಗಡಿಯ ಕಟಿಂಗ್ ಮಾಸ್ಟರ್, ದರ್ಶಿನಿಯ ಟೀ ಮಾಸ್ಟರ್, ದೋಸೆ ಮಾಸ್ಟರ್ ಇವರೆಲ್ಲ ಮೇಸ್ತ್ರಿಯ ದಾಯಾದಿಗಳೇ.

ಗುರು ಎಂಬರ್ಥದ ಮಾತು ಕೈಕೆಲಸದವನ ಹೆಸರಾಗುವುದು ಪರದೇಶದಿಂದ ಬಂದ ಪದ್ಧತಿಯೇನಲ್ಲ. ನಿಮ್ಮ ಊಹೆ ಸತ್ಯಕ್ಕೆ ಹತ್ತಿರ ಎಂದದ್ದು ಇದಕ್ಕಾಗಿ. ಬಡಗಿಗಳನ್ನೂ ಅಕ್ಕಸಾಲಿಗರನ್ನೂ ನಾವು 'ಆಚಾರಿ' ಎನ್ನುತ್ತೇವೆ, ಅದು 'ಆಚಾರ್ಯ'. ಇನ್ನೂ ಹಿಂದಕ್ಕೆ ಹೋದರೆ ಹಳಗನ್ನಡದ 'ಓಜ' ಸಿಗುತ್ತದೆ. ಸಂಸ್ಕೃತದ 'ಉಪಾಧ್ಯಾಯ' ಪ್ರಾಕೃತದಲ್ಲಿ ಸವೆದು ಸವೆದು ಓಜ ಆಯಿತು. ಕಲಿಸುವವನು ಎಂಬ ಅರ್ಥವನ್ನು ಉಳಿಸಿಕೊಂಡೇ ಅದು ಶಿಲ್ಪಿಗಳ ಹೆಸರಿನ ಕೊನೆಗೂ ಅಂಟಿಕೊಂಡಿತು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠಗಳನ್ನು ಗಮನಿಸಿ ನೋಡಿದರೆ ಅಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರೂ ಅವನ ಮಗ ಚಾವಣನ ಹೆಸರೂ ಕೊರೆದಿರುವುದು ಕಾಣುತ್ತದೆ. ದಾಸೋಜ ಎಂದರೆ ದಾಸ ಎಂಬ ಓಜ. ಅವನನ್ನು ಇಂದಿನ ಮಾತಿನಲ್ಲಿ ದಾಸ ಮೇಸ್ತ್ರಿ ಎಂದರೆ ಕೆಲವರಿಗೆ ಕಸಿವಿಸಿಯಾದೀತು, ಆದರೆ ಪದದ ಮಟ್ಟಿಗೆ ಅದು ನಿಖರವಾದ ಅನುವಾದ.

ಬಳಕೆಯಲ್ಲಿ ಮೇಸ್ತ್ರಿ ಎಂಬುದಕ್ಕೆ ಎರಡು ಅರ್ಥಗಳಿವೆ, ಅವುಗಳನ್ನು ಬೆರೆಸಬಾರದು. ಒಂದು, ಕೆಲಸ ಬಲ್ಲವನು. ಗೋಡೆಯ ಮೂಲೆ ಎಬ್ಬಿಸುವಾಗ ಇಟ್ಟಿಗೆ ಹೊರುವವರು, ಕಲಸು ಕಲಸುವವರು ಹಲವರಿದ್ದರೂ ತೂಗುಗುಂಡನ್ನು ಇಳಿಬಿಟ್ಟು, ಅದರ ಓಲಾಟ ನಿಲ್ಲುವವರೆಗೆ ಕಾದು, ದಾರಕ್ಕೂ ಗೋಡೆಗೂ ನಡುವಿನ ಸಂದನ್ನು ಒಂದೇ ಕಣ್ಣಿನಲ್ಲಿ ನೋಡಿ, ಕರಣೆಯ ಹಿಡಿಯಿಂದ ಇಟ್ಟಿಗೆಯನ್ನು ಕೂದಲೆಳೆಯಷ್ಟು ಒಳಕ್ಕೆ ತಟ್ಟುವವನು ಮೇಸ್ತ್ರಿ, ಉಳಿದವರು ಆಳುಗಳು. ಇನ್ನೊಂದು, ಕೆಲಸ ಮಾಡಿಸುವವನು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೇಸ್ತ್ರಿ ಎಂದರೆ ಆಳುಗಳನ್ನು ಕರೆತಂದು, ಅವರ ಮೇಲೆ ನಿಗಾ ಇಡುವವನು. ಬ್ರಿಟಿಷರ ಕಾಲದಲ್ಲಿ ತೋಟದ ಮುಂಗಡ ಹಣವೂ ಅವನ ಕೈಯಿಂದಲೇ ಆಳುಗಳಿಗೆ ಹೋಗುತ್ತಿತ್ತು. ಅವನಿಗೆ ಕೈಕುಶಲತೆ ಇರಲೇಬೇಕೆಂದಿಲ್ಲ. ಬೆಂಗಳೂರಿನ ಕಟ್ಟಡಗಳಲ್ಲಿಯೂ ಬಟವಾಡೆಯ ದಿನ ಮಾತ್ರ ಮುಖ ತೋರಿಸುವ ಮೇಸ್ತ್ರಿಗಳಿದ್ದಾರೆ ಎಂಬುದನ್ನು ಮನೆ ಕಟ್ಟಿಸಿದವರಿಗೆ ಹೇಳಬೇಕಾಗಿಲ್ಲ.

'ಕುಶಲಕರ್ಮಿ'ಯ ಕಥೆಯೇ ಬೇರೆ. ಅದು ಆಡುಮಾತಿನ ಪದವಲ್ಲ, ಆಡಳಿತಕ್ಕೂ ಪತ್ರಿಕೆಗೂ ಬೇಕಾದ ಸಂಸ್ಕೃತ ಸಮಾಸ. 'ಕುಶಲಕರ್ಮಿಗಳೇ, ಬನ್ನಿ' ಎಂದು ಯಾರೂ ಯಾರನ್ನೂ ಕರೆಯುವುದಿಲ್ಲ. ಕನಿಷ್ಠ ವೇತನದ ಪಟ್ಟಿಯಲ್ಲಿ ಕುಶಲ, ಅರೆಕುಶಲ, ಅಕುಶಲ ಎಂದು ವರ್ಗ ಮಾಡುವಾಗ ಅದು ಕೌಶಲದ ಮಟ್ಟವನ್ನಷ್ಟೇ ಸೂಚಿಸುತ್ತದೆ, ಯಜಮಾನಿಕೆಯನ್ನಾಗಲಿ ಗುರುತ್ವವನ್ನಾಗಲಿ ಸೂಚಿಸುವುದಿಲ್ಲ. 'ಕುಶಲ' ಎಂದರೆ ಕೈ ಕೊಯ್ಯದಂತೆ ಕುಶವನ್ನು, ಅಂದರೆ ದರ್ಭೆಯನ್ನು ತರಬಲ್ಲವನು ಎಂಬ ವ್ಯುತ್ಪತ್ತಿಯನ್ನು ತಾವು ಕೇಳಿರಬಹುದು. ಸಂಸ್ಕೃತ ಕಾವ್ಯಮೀಮಾಂಸಕ ಮಮ್ಮಟನು 'ಕಾವ್ಯಪ್ರಕಾಶ'ದಲ್ಲಿ 'ಕರ್ಮಣಿ ಕುಶಲಃ' (ಕೆಲಸದಲ್ಲಿ ನಿಪುಣ) ಎಂಬುದನ್ನು ರೂಢಿಯಿಂದ ಬಂದ ಲಕ್ಷಣೆಗೆ, ಅಂದರೆ ಪದದ ನೇರ ಅರ್ಥವನ್ನು ಬಿಟ್ಟು ಅದಕ್ಕೆ ಸಂಬಂಧಪಟ್ಟ ಬೇರೆ ಅರ್ಥವನ್ನು ಹಿಡಿಯುವುದಕ್ಕೆ, ಉದಾಹರಣೆಯಾಗಿ ಕೊಟ್ಟದ್ದು ಈ ಆಧಾರದ ಮೇಲೆಯೇ. 'ಸಾಹಿತ್ಯದರ್ಪಣ' ಬರೆದ ಇನ್ನೊಬ್ಬ ಕಾವ್ಯಮೀಮಾಂಸಕ ವಿಶ್ವನಾಥ ಇದನ್ನು ಒಪ್ಪಲಿಲ್ಲ. ಪದ ಹುಟ್ಟಿದ ಬಗೆ ಬೇರೆ, ಬಳಕೆಯ ಅರ್ಥ ಬೇರೆ. ಹುಟ್ಟನ್ನೇ ಹಿಡಿದು ಕುಳಿತರೆ 'ಹೋಗು' ಎಂಬ ಧಾತುವಿನಿಂದ ಬಂದ 'ಗೋ' ಎಂಬ ಪದವನ್ನು ಮಲಗಿರುವ ಹಸುವಿಗೆ ಹೇಳುವಾಗಲೂ ಲಕ್ಷಣೆ ಎನ್ನಬೇಕಾದೀತು ಎಂಬುದು ಅವನ ವಾದ. ನನಗೆ ವಿಶ್ವನಾಥನ ಮಾತೇ ಸರಿ ಎನಿಸುತ್ತದೆ.

ಆದ್ದರಿಂದ ನೇಕಾರ, ಕುಂಬಾರ, ಕಮ್ಮಾರ, ಬಡಗಿ ಎಲ್ಲರನ್ನೂ ಒಟ್ಟಾಗಿ ಹೇಳಬೇಕಾದ ಲೇಖನದಲ್ಲಿ ಕುಶಲಕರ್ಮಿ ಎಂದು ಬರೆಯಿರಿ. 'ಕಸುಬುದಾರ' ಎಂದರೂ ನಡೆಯುತ್ತದೆ, ಅದರಲ್ಲಿರುವ 'ಕಸುಬು' ಗಳಿಕೆ ಎಂಬರ್ಥದ ಅರಬ್ಬಿ ಪದ. ಮನೆ ಕಟ್ಟುವವರ ಬಗ್ಗೆಯೇ ಬರೆಯುವುದಾದರೆ ಮೇಸ್ತ್ರಿ ಎನ್ನಲು ಸಂಕೋಚ ಬೇಡ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿಯೂ ಗಾರೆ ಕೆಲಸದವರಿಗೆ 'ರಾಜಮಿಸ್ತ್ರಿ' ಎಂಬ ಹೆಸರು ಸೇರಿದೆ. ಅಲ್ಲಿನ 'ರಾಜ' ಮಾತ್ರ ಅರಸನಲ್ಲ, ಗೋಡೆ ಕಟ್ಟುವವನು ಎಂಬರ್ಥದ ಪಾರಸಿ ಪದ 'ರಾಜ಼್'.